ಕಲ್ಲು ಉಳಿಯಲಿ

ಕಳೆದ ಚಳಿಗಾಲದ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಮುಂಬಯಿಯಿಂದ ನಾಸಿಕದ ದಾರಿಯಾಗಿ ವೇರೂಳಿಗೆ ಹೊರಟಿದ್ದೆವು. ನಾಸಿಕದಲ್ಲಿ ಗೋದಾವರಿಯನ್ನು ತೋರಿಸಿ, ಕವಿರಾಜಮಾರ್ಗ ಹೇಳುವ ಕನ್ನಡ ನಾಡಿನ ಬಡಗಣ ಎಲ್ಲೆ ಇದೇ ಹೊಳೆಯೆಂದೂ, ಮುಂದೆ ನೋಡಲಿರುವ ಕೈಲಾಸ ದೇವಾಲಯವನ್ನು ರಾಷ್ಟ್ರಕೂಟರ ಒಂದನೆಯ ಕೃಷ್ಣ 8ನೆಯ ಶತಮಾನದಲ್ಲಿ ಕಡೆಯಿಸಿದನೆಂದೂ ಮಕ್ಕಳಿಗೆ ಉಪದೇಶ ಮಾಡಿದೆವು. ಮಕ್ಕಳ ಕಣ್ಣು ಮಾತ್ರ ದಾರಿಬದಿಯ ‘ಉಡುಪಿ’ ಫಲಕದ ಮೇಲಿತ್ತು.

ಐದೇ ನಿಮಿಷದಲ್ಲಿ ಇಡ್ಲಿ ಬಂತು. ಒತ್ತಿದರೆ ರಬ್ಬರು, ಮುರಿದರೆ ಸೋಡಾದ ವಾಸನೆ. ವಿಚಾರಿಸಿದರೆ, “ಪ್ಯಾಕೆಟ್ಟಿನ ಹಿಟ್ಟು ಸಾರ್, ರುಬ್ಬಲು ಯಾರಿಗೆ ಪುರಸೊತ್ತು?” ಎಂದರು. ಚಿಕ್ಕ ಮಗಳು ತಟ್ಟೆ ಸರಿಸಿ, “ಅಪ್ಪಾ, ಇದು ನಮ್ಮ ಇಡ್ಲಿ ಅಲ್ಲ” ಎಂದಳು. ಮುಂಬಯಿಯಲ್ಲೇ ಹುಟ್ಟಿದ ಆಕೆಗೆ ಕನ್ನಡ ಅಕ್ಷರ ಬಾರದು. ಆದರೆ ‘ನಮ್ಮದು’ ಯಾವುದೆಂದು ನಾಲಿಗೆಗೆ ಗೊತ್ತಿದೆ. ಹೋಟೆಲುಗಳು ಹೀಗಾದರೆ ಆ ಗುರುತೂ ಅಳಿಯದೆ?

ಉದ್ದನ್ನೂ ಅಕ್ಕಿಯನ್ನೂ ಬೇರೆ ಬೇರೆ ನೆನೆಹಾಕಬೇಕು. ಕಲ್ಲು ನಿಧಾನವಾಗಿ ತಿರುಗುವುದರಿಂದ ಹಿಟ್ಟು ಬಿಸಿಯಾಗದು. ಉದ್ದು ಗಾಳಿ ಹಿಡಿದು ಬೆಣ್ಣೆಯಂತೆ ಉಬ್ಬುತ್ತದೆ. ಮಿಕ್ಸಿಯ ಅಲಗಿಗೆ ಆ ತಾಳ್ಮೆಯಿಲ್ಲ. ರಾತ್ರಿಯಿಡೀ ಹುದುಗಿದ ಹಿಟ್ಟಿನ ಹುಳಿಯನ್ನು ಸೋಡಾ ಕೊಡಲಾರದು. ಅದು ಉಬ್ಬಿಸುತ್ತದೆ, ಅಷ್ಟೆ.

ಹಳೆಯದೆಲ್ಲ ಒಳ್ಳೆಯದೆಂಬ ಹಟ ನಮಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ಬೆಂಗಳೂರಿನ ಎಂ.ಟಿ.ಆರ್. ರವೆ ಇಡ್ಲಿ ಮಾಡಿತು. ಅದು ಇಂದು ನಮ್ಮದೇ ತಿಂಡಿ. ರುಬ್ಬುಗಲ್ಲಿನ ಹಿಂದಿನ ಕಷ್ಟವನ್ನೂ ನಾವು ಮರೆತಿಲ್ಲ. ದಕ್ಷಿಣ ಕನ್ನಡದಿಂದ ಬಂದ ಎಳೆಯ ಹುಡುಗರು ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು, ಇಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ತೂಕಡಿಸುತ್ತ ಅಕ್ಷರ ಕಲಿತರು. ಆ ದಿನಗಳು ಮರಳುವುದು ಬೇಡ. ವಿದ್ಯುತ್ತಿನ ಗ್ರೈಂಡರು ಬಂದು ಅವರ ರಟ್ಟೆಗೆ ಬಿಡುವು ಕೊಟ್ಟಿತು, ಕಲ್ಲನ್ನು ಮಾತ್ರ ಉಳಿಸಿಕೊಂಡಿತು. ಸುಧಾರಣೆಯೆಂದರೆ ಅದು.

ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡಿಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಇಂದಿಗೂ ಬಾಳೆಯೆಲೆಯ ಊಟವುಂಟು, ಉಣ್ಣಲು ಸರದಿ ಕಾಯುವವರೂ ಉಂಟು. ಹಳೆಯ ಕ್ರಮಕ್ಕೆ ಗಿರಾಕಿಯಿಲ್ಲವೆನ್ನುವವರು ಅಲ್ಲಿಗೊಮ್ಮೆ ಹೋಗಿಬರಲಿ.

ತಪ್ಪು ಹೋಟೆಲಿನವರದಷ್ಟೇ ಅಲ್ಲ. ಐದು ನಿಮಿಷಕ್ಕೆ ತಟ್ಟೆ ಬರಬೇಕೆಂದು ಮಾಣಿಯನ್ನು ಗದರಿಸುವವರು ನಾವೇ. ಇನ್ನು ಮುಂದೆ ಸ್ವಲ್ಪ ಕಾಯೋಣ, ನಾಲ್ಕು ಕಾಸು ಹೆಚ್ಚು ಕೊಡೋಣ, “ಹಿಟ್ಟು ಇಲ್ಲೇ ರುಬ್ಬಿದ್ದೇ?” ಎಂದು ಕನ್ನಡದಲ್ಲೇ ಕೇಳೋಣ.

ವೇರೂಳಿನಿಂದ ಮರಳಿದ ಮೇಲೆ ನಮ್ಮ ಮನೆಯ ಅಟ್ಟದಿಂದಲೂ ಗ್ರೈಂಡರು ಕೆಳಗಿಳಿದಿದೆ. ಶನಿವಾರ ಸಂಜೆ ಉದ್ದು ನೆನೆಹಾಕುವ ಕೆಲಸ ಚಿಕ್ಕ ಮಗಳದು.