ನಾಲ್ಕು ಹಸ್ತದಷ್ಟು ನೆಲ

ಬಲ ಬೇರೆ, ಬಲವನ್ನು ನೆಲಕ್ಕೆ ಮುಟ್ಟಿಸುವ ಬಗೆ ಬೇರೆ. ಗರಡಿಯಲ್ಲಿ ಸಾಮು ಮಾಡಿದವರೆಲ್ಲ ಇದನ್ನು ಬಲ್ಲರು. ತೋಳು ಎಷ್ಟು ದಪ್ಪವಿದ್ದರೇನು, ಅಂಗಾಲು ಜಾರಿದ ಪೈಲವಾನನು ಕ್ಷಣಾರ್ಧದಲ್ಲಿ ಮಣ್ಣು ಮುಕ್ಕುತ್ತಾನೆ. ಅಮೆರಿಕದ ಜನರು ತಮ್ಮ ಕಾರುಗಳಲ್ಲಿ ಒಂದು ಜಾತಿಗೆ ‘ಮಸಲ್ ಕಾರ್’ ಎಂದು ಹೆಸರಿಟ್ಟಿದ್ದಾರೆ. ಮಸಲ್ ಎಂದರೆ ಮಾಂಸಖಂಡ. ಎಂದರೆ ತೋಳ್ಬಲದ ಕಾರು. ಸಾಧಾರಣ ಗಾತ್ರದ, ಸಾಧಾರಣ ಬೆಲೆಯ ಗಾಡಿಯೊಳಗೆ ಎಂಟು ಸಿಲಿಂಡರಿನ ದೊಡ್ಡ ಎಂಜಿನನ್ನು ಕೂಡಿಸಿದರೆ ಅದು ಈ ಜಾತಿಗೆ ಸೇರಿತು. ೧೯೬೪ರ ಪಾಂಟಿಯಾಕ್ ಜಿಟಿಒ ಈ ಕುಲದ ಹಿರಿಯನೆಂದು ಬಹುಮಂದಿ ಒಪ್ಪುತ್ತಾರೆ. ಅದೇ ವರ್ಷದ ಏಪ್ರಿಲ್ ೧೭ರಂದು ಫೋರ್ಡ್ ಕಂಪೆನಿಯವರು ಮಸ್ಟ್ಯಾಂಗ್ ಎಂಬ ಕಾರನ್ನು ಹೊರತಂದರು. ಬಲ್ಲವರು ಇದನ್ನು ಬೇರೊಂದು ಗೋತ್ರಕ್ಕೆ ಸೇರಿಸುವುದುಂಟು. ಆದರೆ ಎಂಟು ಸಿಲಿಂಡರಿನ ಎಂಜಿನುಳ್ಳ ಮಸ್ಟ್ಯಾಂಗನ್ನು ಜನರು ರೂಢಿಯಲ್ಲಿ ಮಸಲ್ ಕಾರೆಂದೇ ಕರೆಯುತ್ತಾರೆ.

ಇವುಗಳ ಸ್ವಧರ್ಮ ನೇರವಾದ ರಸ್ತೆ. ನಿಂತಲ್ಲಿಂದ ನೆಗೆದು ಕಾಲು ಮೈಲಿಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುವುದೇ ಇವುಗಳ ಹಿರಿಮೆ. ಇಂತಹ ಗಾಡಿಯನ್ನು ತಿರುವುಗಳೇ ತುಂಬಿರುವ ಪಂದ್ಯದ ಪಥದಲ್ಲಿ ಓಡಿಸಬೇಕೆಂದು ಹೊರಟವನು ಎಂಜಿನಿಗಿಂತ ಮೊದಲು ನೋಡಬೇಕಾದದ್ದು ಗಾಲಿಗೂ ಒಡಲಿಗೂ ನಡುವೆ ಇರುವ ಏರ್ಪಾಡನ್ನು. ಅದನ್ನೇ ಸಸ್ಪೆನ್ಷನ್ ಎನ್ನುತ್ತಾರೆ.

ಮೂವತ್ತು ವರ್ಷಕಾಲ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತವಿಜ್ಞಾನ ಹೇಳಿಕೊಟ್ಟು ನಿವೃತ್ತನಾದ ನನಗೂ ಇಂತಹ ಕಾರಿಗೂ ಏನು ನಂಟೆಂದು ವಾಚಕರು ಕೇಳಬಹುದು. ನಂಟು ರಕ್ತಸಂಬಂಧದ್ದು. ನನ್ನ ತಮ್ಮನ ಒಬ್ಬನೇ ಮಗ ಅಮೆರಿಕದ ಮಿಚಿಗನ್ ಪ್ರಾಂತದಲ್ಲಿ ಉದ್ಯೋಗದಲ್ಲಿದ್ದಾನೆ. ಅವನು ೧೯೬೬ರ ಹಳೆಯ ಮಸ್ಟ್ಯಾಂಗೊಂದನ್ನು ಕೊಂಡು, ರಜಾದಿನಗಳಲ್ಲಿ ಬಿಚ್ಚಿ ಕಟ್ಟಿ, ಹಣ ತೆತ್ತು ಪಂದ್ಯದ ಪಥದಲ್ಲಿ ಓಡಿಸುವ ಹವ್ಯಾಸ ಹಚ್ಚಿಕೊಂಡ. ಒಂದು ದಿನ ತಿರುವಿನ ನಡುವೆ ಗಾಡಿಯ ಹಿಂಬದಿ ಹಠಾತ್ತನೆ ಸರಿಯಿತು. ಕಾರು ಎರಡು ಸುತ್ತು ತಿರುಗಿ, ರಕ್ಷಣೆಗೆಂದು ಪೇರಿಸಿಟ್ಟಿದ್ದ ಟೈರುಗಳ ಗೋಡೆಯಿಂದ ಎರಡು ಮಾರು ಈಚೆಗೆ ನಿಂತಿತು. ಅವನಿಗೆ ಏನೂ ಆಗಲಿಲ್ಲ. ಆದರೆ ಸುದ್ದಿ ತಿಳಿದ ಅವನ ತಾಯಿ ನನಗೆ ಫೋನು ಮಾಡಿ, “ಭಾವ, ಆ ಕಾರನ್ನು ಮಾರಿಬಿಡು ಅಂತ ನೀವೊಂದು ಮಾತು ಹೇಳಿ. ನಿಮ್ಮ ಮಾತಾದರೆ ಕೇಳುತ್ತಾನೆ” ಎಂದು ಅತ್ತಳು.

‘ಮಾರು’ ಎನ್ನುವುದು ಸುಲಭ. ಕಾರಣವನ್ನು ತಿಳಿಯದೆ ಇದನ್ನು ಮಾರಿದವನು ನಾಳೆ ಇನ್ನೊಂದನ್ನು ಕೊಂಡಾನು. ಆಗ ಗೋಡೆ ಎರಡು ಮಾರು ದೂರದಲ್ಲಿ ಇರುವುದೆಂಬ ಭರವಸೆ ಏನು? ನಾನು ಅವನಿಗೆ ಬರೆದದ್ದು ಇಷ್ಟೆ: “ಕಾರಿಗೆ ನೀನು ಹಾಕಿಸಿದ ಪ್ರತಿಯೊಂದು ಭಾಗದ ಹೆಸರನ್ನು ಬರೆದು, ಅದು ಟೈರಿಗೆ ಮಾಡುವ ಉಪಕಾರವೇನೆಂದು ಒಂದೊಂದೇ ವಾಕ್ಯದಲ್ಲಿ ತಿಳಿಸು. ಅಂಗಡಿಯವರ ಹೊಗಳಿಕೆಯನ್ನು ಬರೆಯಬೇಡ.”

ಪಟ್ಟಿ ಬಂದಿತು. ಕಾರನ್ನು ತಗ್ಗಿಸಲೆಂದು ಮುಂದಿನ ಸುರುಳಿ ಸ್ಪ್ರಿಂಗುಗಳನ್ನು ಕತ್ತರಿಸಿದ್ದ. ಹಿಂದೆ ಅಚ್ಚಿಗೂ ಪಟ್ಟಿ ಸ್ಪ್ರಿಂಗಿಗೂ ನಡುವೆ ಉಕ್ಕಿನ ದಿಮ್ಮಿ ಇಟ್ಟಿದ್ದ. ಒಡಲು ವಾಲದಂತೆ ತಡೆಯುವ ದಂಡಗಳನ್ನು ಮುಂದೆಯೂ ಹಿಂದೆಯೂ ದೊರೆತಷ್ಟು ದಪ್ಪದ್ದನ್ನೇ ಹಾಕಿಸಿದ್ದ. ಎಲ್ಲ ಕೀಲುಗಳಲ್ಲಿಯೂ ರಬ್ಬರಿನ ಬುಶ್ ತೆಗೆದು ಗಡಸಾದ ಪಾಲಿಯುರೆಥೇನಿನದನ್ನು ತೊಡಿಸಿದ್ದ. ಒಂದೊಂದೂ ತನ್ನ ಜಾತಿಯಲ್ಲಿ ಉತ್ತಮ. ಆದರೆ ‘ಟೈರಿಗೆ ಉಪಕಾರ’ ಎಂಬ ಕಡೆ ಮುಕ್ಕಾಲು ಪಾಲು ಜಾಗ ಖಾಲಿಯಾಗಿತ್ತು. “ದೊಡ್ಡಪ್ಪ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ” ಎಂದು ಕೆಳಗೆ ಬರೆದಿದ್ದ. ಅಲ್ಲಿಂದ ನಮ್ಮಿಬ್ಬರ ಪತ್ರವ್ಯವಹಾರ ಮೊದಲಾಯಿತು. ಅದರ ಸಾರವನ್ನು ಮೇಲಿನ ತರಗತಿಯ ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತೆಂದು ಇಲ್ಲಿ ಕೊಡುತ್ತೇನೆ.

ಕಾರಿನ ತೂಕ ೧೪೦೦ ಕಿಲೋ ಎಂದು ಹಿಡಿಯೋಣ. ಒಂದು ಗಾಲಿಯ ಪಾಲಿಗೆ ೩೫೦. ಟೈರಿನೊಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ೨.೨ ಕಿಲೋ ಆದರೆ, ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು ೧೬೦ ಚದರ ಸೆಂಟಿಮೀಟರು. ಬೆರಳು ಜೋಡಿಸಿ ಚಾಚಿದ ಒಂದು ಹಸ್ತದಷ್ಟು. ಇಂತಹ ನಾಲ್ಕು ಹಸ್ತಗಳ ಮೇಲೆಯೇ ಗಾಡಿಯ ಓಟ, ತಿರುವು, ನಿಲುಗಡೆ, ಒಳಗಿರುವವನ ಪ್ರಾಣ ಎಲ್ಲವೂ ನಿಂತಿವೆ. ಸಸ್ಪೆನ್ಷನ್ನಿನ ಯಾವ ಭಾಗವನ್ನು ಆರಿಸಿದರೂ ಕೇಳತಕ್ಕ ಪ್ರಶ್ನೆ ಒಂದೇ: ಈ ನಾಲ್ಕು ಹಸ್ತಗಳು ನೆಲವನ್ನು ಬಿಡದಂತೆ ಇದು ನೋಡಿಕೊಳ್ಳುತ್ತದೆಯೇ?

ತಿರುವಿನಲ್ಲಿ ಒಳಬದಿಯ ಭಾರ ಹೊರಬದಿಗೆ ಸಾಗುತ್ತದೆ. ಎಷ್ಟು? ಗುರುತ್ವಕೇಂದ್ರದ ಎತ್ತರ ೫೦ ಸೆಂ.ಮೀ., ಎಡಬಲ ಗಾಲಿಗಳ ನಡುವಣ ಅಂತರ ೧೪೨ ಸೆಂ.ಮೀ., ಪಕ್ಕಕ್ಕೆಳೆಯುವ ಬಲ ಗಾಡಿಯ ತೂಕದಷ್ಟೇ ಎಂದಿಟ್ಟುಕೊಂಡರೆ, ೧೪೦೦ನ್ನು ೫೦ರಿಂದ ಗುಣಿಸಿ ೧೪೨ರಿಂದ ಭಾಗಿಸಬೇಕು; ಹತ್ತಿರ ಹತ್ತಿರ ೪೯೦ ಕಿಲೋ. ೭೦೦ ಹೊತ್ತಿದ್ದ ಹೊರಬದಿ ಈಗ ೧೧೯೦ ಹೊರುತ್ತದೆ. ಒಳಬದಿಗೆ ೨೧೦ ಮಾತ್ರ ಉಳಿಯುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿದರೆ ಒಡಲು ವಾಲುವುದು ಕಡಿಮೆಯಾದೀತು. ಆದರೆ ಈ ೪೯೦ ಕಿಲೋ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಮಾತ್ರ ನಾವು ಸ್ಪ್ರಿಂಗು ಮತ್ತು ದಂಡಗಳಿಂದ ಹಂಚಬಲ್ಲೆವು. ಟೈರಿನ ಸ್ವಭಾವವೋ, ಹೊರೆ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ. ಆದುದರಿಂದ ಯಾವ ತುದಿಯಲ್ಲಿ ಬಿಗಿ ಅತಿಯಾಯಿತೋ ಆ ತುದಿಯ ಹೊರಗಾಲಿ ಮೊದಲು ಸೋಲುತ್ತದೆ. ಹಿಂದಿನದು ಮೊದಲು ಸೋತರೆ ಗಾಡಿ ಬುಗುರಿಯಾಗುತ್ತದೆ.

ಇನ್ನು ಸ್ಪ್ರಿಂಗು. ರಾಬರ್ಟ್ ಹುಕ್ಕನು ೧೬೭೮ರಲ್ಲಿ ಪ್ರಕಟಿಸಿದ ನಿಯಮವನ್ನು ನಮ್ಮ ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಾರೆ: ಹೊರೆ ಎಷ್ಟೋ ಕುಗ್ಗು ಅಷ್ಟು. ಒಡಲಿನ ಭಾರಕ್ಕೆ ಗಾಲಿಯ ಬಳಿ ೨೫ ಸೆಂ.ಮೀ. ಕುಗ್ಗುವ ಗಾಡಿಯು ಸೆಕೆಂಡಿಗೆ ಒಂದು ಸಲ ತೂಗುತ್ತದೆ. ಅದರ ಕಾಲುಭಾಗ, ಎಂದರೆ ೬ ಸೆಂ.ಮೀ. ಚಿಲ್ಲರೆ ಕುಗ್ಗುವುದು ಎರಡು ಸಲ. ಊರಿನ ರಸ್ತೆಯ ಕಾರಿಗೆ ಒಂದಕ್ಕಿಂತ ತುಸು ಹೆಚ್ಚು ಹಿತ. ನುಣುಪಾದ ಪಂದ್ಯಪಥಕ್ಕೆ ಎರಡರ ಆಸುಪಾಸು ಯೋಗ್ಯ. ಆದರೆ ಅಂಗಡಿಯಲ್ಲಿ ಹೇಳುವ ಬಿಗಿಯು ಸ್ಪ್ರಿಂಗಿನದು, ಗಾಲಿಯದಲ್ಲ. ಹಳೆಯ ಮಸ್ಟ್ಯಾಂಗಿನಲ್ಲಿ ಸುರುಳಿಯು ಮೇಲಿನ ತೋಳಿನ ಮೇಲೆ ಕುಳಿತಿರುವುದರಿಂದ ಗಾಲಿ ಏರಿದಷ್ಟು ಅದು ಕುಗ್ಗುವುದಿಲ್ಲ. ಅರ್ಧದಷ್ಟು ಕುಗ್ಗುತ್ತದೆಂದು ಹಿಡಿದರೆ ಗಾಲಿಗೆ ತಾಕುವ ಬಿಗಿ ಅರ್ಧವಲ್ಲ, ಕಾಲು. ಏಕೆಂದರೆ ಸನ್ನೆಯಲ್ಲಿ ಬಲವೂ ಅರ್ಧವಾಯಿತು, ಚಲನೆಯೂ ಅರ್ಧವಾಯಿತು. ಸುರುಳಿಯನ್ನು ಕತ್ತರಿಸಿದಾಗ ಉಳಿದದ್ದು ಇನ್ನಷ್ಟು ಬಿಗಿಯಾಗುವುದೂ ಹುಕ್ಕನ ಪಾಠವೇ. ನಮ್ಮ ಹುಡುಗ ಕತ್ತರಿಸಿದಾಗ ತಾನು ಆರಿಸಿದ ಬಿಗಿ ಎಷ್ಟೆಂಬುದು ಅವನಿಗೇ ತಿಳಿದಿರಲಿಲ್ಲ. ಜೊತೆಗೆ ಹಿಂದಿನ ದಿಮ್ಮಿಯಿಂದ ಅಚ್ಚು ಮೇಲೇಳಲು ಇದ್ದ ಅವಕಾಶ ಕುಗ್ಗಿತ್ತು. ತಿರುವಿನಲ್ಲಿ ಅಚ್ಚು ಮೇಲಿನ ತಡೆಗೆ ತಾಗಿದೊಡನೆ ಸ್ಪ್ರಿಂಗು ಇದ್ದೂ ಇಲ್ಲದಂತಾಯಿತು. ಹೊರಗಾಲಿಯ ಹೊರೆ ಒಮ್ಮೆಗೇ ನೆಗೆಯಿತು. ಆ ದಿನ ಗಾಡಿ ಸುತ್ತಿದ್ದಕ್ಕೆ ಮುಖ್ಯ ಕಾರಣ ಇದು.

ವಾಲುತಡೆಯ ದಂಡದ ಗಣಿತ ಇನ್ನೂ ಎಚ್ಚರಿಕೆಯದು. ದಂಡದ ತಿರುಚುಬಿಗಿ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ೨೦ ಮಿ.ಮೀ. ದಂಡದ ಬದಲು ೨೫ ಮಿ.ಮೀ. ಹಾಕಿದವನು ಕಾಲುಪಾಲು ಹೆಚ್ಚಿಸಿದೆನೆಂದುಕೊಳ್ಳುತ್ತಾನೆ. ಹೆಚ್ಚಿದ್ದು ಹತ್ತಿರ ಹತ್ತಿರ ಎರಡೂವರೆ ಪಟ್ಟು. ಹಿಂದೆಯೂ ಅಂತಹುದನ್ನೇ ಬಿಗಿದರೆ ಭಾರದ ಹಂಚಿಕೆಯಲ್ಲಿ ಹಿಂಬದಿಗೆ ಅನ್ಯಾಯವಾಗುವುದು.

ಹಿಂದಿನ ಅಚ್ಚಿನ ವಿಷಯದಲ್ಲಿ ಹುಡುಗನಿಗೆ ದೊಡ್ಡ ಆಸೆಯೊಂದಿತ್ತು: ಒಂದೇ ಗಟ್ಟಿ ಅಚ್ಚನ್ನು ಕಿತ್ತುಹಾಕಿ, ಎರಡು ಗಾಲಿಗಳೂ ಬೇರೆ ಬೇರೆ ಆಡುವ ಸ್ವತಂತ್ರ ಏರ್ಪಾಡನ್ನು ಕೂಡಿಸಬೇಕೆಂದು. ಕೆಲವು ವಿಶೇಷ ಮಾದರಿಗಳನ್ನು ಬಿಟ್ಟರೆ ಮಸ್ಟ್ಯಾಂಗಿಗೆ ಫೋರ್ಡಿನವರು ೨೦೧೪ರ ಮಾದರಿಯವರೆಗೂ ಗಟ್ಟಿ ಅಚ್ಚನ್ನೇ ಉಳಿಸಿಕೊಂಡಿದ್ದರು. ೨೦೧೫ರ ಮಾದರಿಯಿಂದ ಎಲ್ಲಕ್ಕೂ ಸ್ವತಂತ್ರ ಏರ್ಪಾಡು ಬಂದಿತು. ಗಟ್ಟಿ ಅಚ್ಚು ಭಾರ. ಒಂದು ಗಾಲಿಯ ಕುಲುಕು ಇನ್ನೊಂದಕ್ಕೆ ತಗಲುವುದು. ಆದರೆ ಒಡಲು ಎಷ್ಟು ವಾಲಿದರೂ ಗಾಲಿಗಳು ಬಹುಮಟ್ಟಿಗೆ ನೆಟ್ಟಗೆ ನಿಲ್ಲುವುದು ಅದರ ಸದ್ಗುಣ. ಅದರ ದೋಷವೆಂದರೆ ಪಟ್ಟಿ ಸ್ಪ್ರಿಂಗಿನ ಮೇಲೆ ಎರಡು ಕೆಲಸ ಹೇರಿರುವುದು: ಭಾರ ಹೊರುವುದೂ ಅದೇ, ಅಚ್ಚನ್ನು ಸ್ಥಳದಲ್ಲಿ ಹಿಡಿಯುವುದೂ ಅದೇ. ಎಂಜಿನಿನ ಬಲ ಹೆಚ್ಚಿದಂತೆ ಪಟ್ಟಿ ತಿರುಚಿಕೊಂಡು ಅಚ್ಚು ಕುಪ್ಪಳಿಸುತ್ತದೆ. ಷೆವರ್ಲೆಯವರ ೧೯೬೭ರ ಕಮ್ಯಾರೋವಿಗೆ ಈ ಕಾಟವಿತ್ತು; ಮರುವರ್ಷ ಅವರು ಒಂದು ಶಾಕ್ ಅಬ್ಸಾರ್ಬರನ್ನು ಅಚ್ಚಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಇಟ್ಟು ಅದನ್ನು ತಗ್ಗಿಸಿದರು.

ಅಚ್ಚು ಪಕ್ಕಕ್ಕೆ ಸರಿಯದಂತೆ ತಡೆಯಲು ಎರಡು ಉಪಾಯಗಳುಂಟು. ಒಂದು ಪನ್ಹಾರ್ಡ್ ದಂಡ. ಒಂದು ತುದಿ ಅಚ್ಚಿಗೆ, ಇನ್ನೊಂದು ಒಡಲಿಗೆ. ತುದಿಯು ವೃತ್ತಖಂಡದಲ್ಲಿ ಚಲಿಸುವುದರಿಂದ ಅಚ್ಚು ಏರಿಳಿಯುವಾಗ ತುಸು ಪಕ್ಕಕ್ಕೂ ಸರಿಯುವುದು. ಒಂದು ಮೀಟರಿನ ದಂಡವಾದರೆ ೫ ಸೆಂ.ಮೀ. ಏರಿಕೆಗೆ ೧.೨೫ ಮಿ.ಮೀ. ಮಾತ್ರ. ಇನ್ನೊಂದು ಉಪಾಯ ಜೇಮ್ಸ್ ವಾಟನದು. ಉಗಿಯಂತ್ರಕ್ಕಾಗಿ ೧೭೮೪ರಲ್ಲಿ ಅವನು ಹೂಡಿದ ಸರಳರೇಖೆಯ ಸಂಧಿಯೇ ಇಂದು ಪಂದ್ಯದ ಕಾರಿನ ಅಚ್ಚನ್ನು ಹಿಡಿದಿರುವುದನ್ನು ಕೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆದರೂ ೧.೨೫ ಮಿಲಿಮೀಟರಿಗಾಗಿ ಹೆಚ್ಚಿನ ಭಾರವನ್ನೂ ಹಣವನ್ನೂ ಸುರಿಯುವುದು ಬೇಡವೆಂದು ಹುಡುಗನೇ ತೀರ್ಮಾನಿಸಿದ. ಗಟ್ಟಿ ಅಚ್ಚು ಉಳಿಯಿತು. ಪನ್ಹಾರ್ಡ್ ದಂಡ ಬಂದಿತು. ಪಟ್ಟಿಯ ಕಣ್ಣುಗಳಲ್ಲಿದ್ದ ಪಾಲಿಯುರೆಥೇನ್ ಹೋಗಿ ರಬ್ಬರು ಮರಳಿತು. ಪಟ್ಟಿಯು ಹಲವು ದಿಕ್ಕಿಗೆ ತಿರುಚಬೇಕಾದಲ್ಲಿ ಗಡಸು ಬುಶ್ ಅದನ್ನು ಬಿಗಿಹಿಡಿದು, ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಸ್ಪ್ರಿಂಗಾಗಿಬಿಡುತ್ತದೆ.

ಇದಕ್ಕೆಲ್ಲ ಮೇಲ್ಪಂಕ್ತಿಯಾಗಿ ನಾವು ಹಿಡಿದದ್ದು ಕ್ಯಾರೊಲ್ ಶೆಲ್ಬಿಯವರ ೧೯೬೫ರ ಜಿಟಿ೩೫೦. ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಲೆಕ್ಕ ಹಾಕಿದ್ದಂತೆ, ಮುಂದಿನ ಮೇಲ್ತೋಳಿನ ಕೀಲನ್ನು ಅದರಲ್ಲಿ ಒಂದು ಅಂಗುಲ ಕೆಳಗಿಳಿಸಿದರು. ಒಡಲು ವಾಲಿದಾಗ ಹೊರಗಾಲಿಯು ಅಂಚಿನ ಮೇಲೆ ನಿಲ್ಲದೆ ಮೈತುಂಬ ನೆಲಕ್ಕೆ ಒರಗುವುದು ಇದರ ಫಲ. ಬೇಕಾದದ್ದು ಹೊಸ ತೂತುಗಳನ್ನು ಕೊರೆಯುವುದಷ್ಟೆ. ಇದರೊಡನೆ ಒಂದು ಅಂಗುಲದ ಮುಂದಿನ ದಂಡ, ಹಿಂದೆ ಅಚ್ಚಿನ ತಿರುಚನ್ನು ತಡೆಯುವ ತೋಳುಗಳು, ಕೋನಿ ಶಾಕ್ ಅಬ್ಸಾರ್ಬರುಗಳು. ಪಟ್ಟಿ ಚಿಕ್ಕದು, ಆದರೆ ಒಂದು ಇನ್ನೊಂದರ ಕೆಲಸವನ್ನು ಕೆಡಿಸುವುದಿಲ್ಲ. ಆ ವರ್ಷ ಅಮೆರಿಕದ ಎಸ್‌ಸಿಸಿಎ ಸಂಸ್ಥೆಯ ಬಿ-ಪ್ರೊಡಕ್ಷನ್ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಆ ಕಾರಿಗೆ ಸಂದಿತು.

ಶಾಕ್ ಅಬ್ಸಾರ್ಬರನ್ನು ಕಡೆಗೆ ಇಟ್ಟುಕೊಂಡೆವು. ಹೆಸರು ಏನೇ ಹೇಳಲಿ, ಹೊಡೆತವನ್ನು ನುಂಗುವುದು ಸ್ಪ್ರಿಂಗು. ಸ್ಪ್ರಿಂಗಿನ ತೂಗಾಟವನ್ನು, ಸಣ್ಣ ಕವಾಟಗಳಲ್ಲಿ ಎಣ್ಣೆಯನ್ನು ನುಗ್ಗಿಸಿ, ಶಾಖವಾಗಿ ಕಳೆಯುವುದು ಶಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗು ನಿಶ್ಚಯವಾಗದೆ ಇದನ್ನು ಕೊಳ್ಳುವುದು ಕಾಲಿನ ಅಳತೆ ತಿಳಿಯದೆ ಜೋಡು ಕೊಂಡಂತೆ. ಅತಿ ಸಡಿಲವಾದರೆ ಗಾಲಿ ಕುಣಿಯುತ್ತದೆ. ಅತಿ ಬಿಗಿಯಾದರೆ ತಗ್ಗಿಗೆ ಇಳಿಯಲಾರದೆ ಗಾಳಿಯಲ್ಲಿ ನಿಲ್ಲುತ್ತದೆ. ಎರಡರಲ್ಲಿಯೂ ಹಸ್ತ ನೆಲವನ್ನು ಬಿಟ್ಟಿತು.

ಹೀಗೆ ಟೈರು, ಗಾಲಿ ಆಡುವ ಅವಕಾಶ, ಕೀಲುಗಳ ಸ್ಥಾನ, ಸ್ಪ್ರಿಂಗು, ದಂಡ, ಶಾಕ್ ಅಬ್ಸಾರ್ಬರ್ ಎಂಬ ಕ್ರಮದಲ್ಲಿ ಎರಡನೆಯ ಪಟ್ಟಿ ಸಿದ್ಧವಾಯಿತು. ಅದು ಮೊದಲಿನದರ ಅರ್ಧದಷ್ಟೂ ಇರಲಿಲ್ಲ. ಅದನ್ನು ಕಂಡ ಮೇಲೆ ನಾನು ಅವನ ತಾಯಿಗೆ, “ಕಾರನ್ನು ಮಾರು ಎಂದು ಹೇಳುವುದಿಲ್ಲಮ್ಮ, ಒಂದು ಬದಲಾವಣೆ ಮಾಡಿ, ಅದರ ಫಲ ನೋಡಿಯೇ ಮುಂದಿನದಕ್ಕೆ ಕೈಹಾಕು ಎಂದು ಹೇಳಿದ್ದೇನೆ” ಎಂದೆ. ಅವಳಿಗೆ ಪೂರ್ಣ ಸಮಾಧಾನವಾಗಿಲ್ಲ. ತಾಯಿಗೆ ಆಗಬೇಕಾಗಿಯೂ ಇಲ್ಲ. ಪಥದಲ್ಲಿ ಓಡಿಸಿದ ದಿನ ಸಂಜೆ ತಪ್ಪದೆ ಫೋನು ಮಾಡಬೇಕೆಂದು ಅವಳು ಹಾಕಿದ ಷರತ್ತನ್ನು ಹುಡುಗ ಪಾಲಿಸುತ್ತಿದ್ದಾನೆ.

ಮೊನ್ನೆ ಅವನು ಹೀಗೆ ಬರೆದಿದ್ದಾನೆ: “ದೊಡ್ಡಪ್ಪ, ಮೊದಲು ಕಾರು ಜಾರಿದ ಮೇಲೆ ನನಗೆ ತಿಳಿಯುತ್ತಿತ್ತು. ಈಗ ಜಾರುವುದಕ್ಕೆ ಮುಂಚೆ ತಿಳಿಸುತ್ತದೆ. ಹಿಂದೆ ಒಂದು ತೆಳ್ಳನೆಯ ದಂಡ ಹಾಕಿದರೆ ಹೇಗೆ?” ವ್ಯಾಸವನ್ನು ಬರೆದು, ನಾಲ್ಕನೆಯ ಘಾತವನ್ನು ಗುಣಿಸಿ, ಹಿಂದಿನ ಜೋಡಿಗೆ ಎಷ್ಟು ಭಾರ ಹೆಚ್ಚಾಗಿ ಸಾಗುವುದೆಂಬ ಲೆಕ್ಕವನ್ನು ಮೊದಲು ಕಳುಹಿಸೆಂದು ಉತ್ತರಿಸಿದ್ದೇನೆ.