ಗಾಜಿನ ಪಾತ್ರೆಯಲ್ಲಿ ಕಡಲು

ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ನೈರುತ್ಯ ದಿಕ್ಕಿಗೆ ಹೊರಟ ರೈಲುಗಾಡಿ ಎಕ್ಸಿಟರ್ ನಗರವನ್ನು ದಾಟಿದ ಮೇಲೆ ಕೆಲವು ಮೈಲಿಗಳ ದೂರ ಕಡಲಿನ ಅಂಚಿನಲ್ಲಿಯೇ ಓಡುತ್ತದೆ. ಡಾಲಿಷ್ ಎಂಬ ಊರಿನ ಬಳಿ ಒಂದು ಮಗ್ಗುಲಿಗೆ ಕೆಂಗಲ್ಲಿನ ಕಡಿದಾದ ಗೋಡೆ, ಇನ್ನೊಂದು ಮಗ್ಗುಲಿಗೆ ಅಲೆಗಳ ಸಾಲು. ಬಿರುಗಾಳಿಯ ದಿನಗಳಲ್ಲಿ ಉಪ್ಪುನೀರು ಗಾಡಿಯ ಕಿಟಕಿಗೇ ಬಂದು ಬಡಿಯುವುದುಂಟು. ಮುಂದೆ ಸ್ವಲ್ಪ ಹೊತ್ತಿಗೆ ಗುಡ್ಡಗಳ ಮಡಿಲಿನಲ್ಲಿ ಬಿಳಿಯ ಮನೆಗಳನ್ನು ಹರಡಿಕೊಂಡ ಟಾರ್ಕಿ ಪಟ್ಟಣ ಕಣ್ಣಿಗೆ ಬೀಳುತ್ತದೆ. ಡೆವನ್ ಪ್ರಾಂತದ ಈ ಊರು ತನ್ನ ಹಿತವಾದ ಹವೆಗೆ ಹೆಸರಾದುದು. ಪತ್ತೇದಾರಿ ಕಾದಂಬರಿಗಳ ಒಡತಿ ಅಗಾಥಾ ಕ್ರಿಸ್ಟಿ 1890ರಲ್ಲಿ ಹುಟ್ಟಿದ್ದು ಇಲ್ಲಿಯೇ.

ಆದರೆ ಈ ತೀರಕ್ಕೆ ಇನ್ನೊಂದು ಹಿರಿಮೆಯೂ ಉಂಟು. ಅದನ್ನು ಅರಿತವರು ಕಡಿಮೆ. ಕಡಲಿನ ಹವಳವನ್ನು ಜೀವಸಹಿತ ಮನೆಗೆ ತಂದು ಗಾಜಿನ ಪಾತ್ರೆಯಲ್ಲಿ ಸಾಕುವ ಹವ್ಯಾಸದ ಬೇರು ಇರುವುದು ಈ ಬಂಡೆಗಳ ನಡುವೆ.

ಬೆಟ್ಟವೇ ಹವಳ

ಟಾರ್ಕಿಯ ಉತ್ತರಕ್ಕೆ ಬ್ಯಾಬಕೂಂ ಎಂಬ ಭಾಗವಿದೆ. ಅಲ್ಲಿನ ಎತ್ತರದ ದಿಣ್ಣೆಯಿಂದ ಕೆಳಗಿನ ಆಡಿಕೂಂ ತೀರಕ್ಕೆ ಇಳಿಯಲು 1926ರಲ್ಲಿ ಆರಂಭವಾದ ಪುಟ್ಟ ಇಳಿಜಾರು ರೈಲೊಂದಿದೆ. ಕೆಳಗಿಳಿದು ನಿಂತವನಿಗೆ ಒಂದು ಕಡೆ ಕೆಂಪು ಬಂಡೆ, ಪಕ್ಕದಲ್ಲಿಯೇ ಬೂದುಬಿಳಿಯ ಸುಣ್ಣಕಲ್ಲಿನ ಬಂಡೆ ಕಾಣುತ್ತವೆ. ಈ ಸುಣ್ಣಕಲ್ಲನ್ನು ಕಡಿದು ಉಜ್ಜಿ ಹೊಳಪು ಕೊಟ್ಟರೆ ಅದರ ಮೈಯಲ್ಲಿ ನಕ್ಷತ್ರಗಳಂತಹ, ಜೇನುಗೂಡಿನಂತಹ ಚಿತ್ತಾರಗಳು ಮೂಡುತ್ತವೆ. ಅವೆಲ್ಲವೂ ಹವಳಗಳ ಅವಶೇಷ. ಸುಮಾರು 38 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ದಕ್ಷಿಣದ ಬೆಚ್ಚನೆಯ ಕಡಲಿನ ತಳದಲ್ಲಿ ಇದ್ದಾಗ ಬೆಳೆದ ಹವಳದ ದಿಬ್ಬಗಳೇ ಇಂದಿನ ಈ ಗುಡ್ಡಗಳು. ಭೂಚರಿತ್ರೆಯ ಆ ಯುಗಕ್ಕೆ ಸೆಜ್‌ವಿಕ್ ಮತ್ತು ಮರ್ಚಿಸನ್ ಎಂಬ ಪಂಡಿತರು 1839ರಲ್ಲಿ ಡೆವೋನಿಯನ್ ಯುಗವೆಂದು ಹೆಸರಿಟ್ಟುದು ಈ ಪ್ರಾಂತದ ಮೇಲಿನಿಂದಲೇ.

ಇಂದಿನ ಡೆವನ್ ಕಡಲು ತಣ್ಣನೆಯದು. ದಿಬ್ಬ ಕಟ್ಟುವ ಹವಳಗಳಿಗೆ ಅಲ್ಲಿ ನೆಲೆಯಿಲ್ಲ. ಆದರೂ ಆ ಕುಲದ ಒಂದು ಕಿರಿಯ ಜೀವ ಅಲ್ಲಿ ಇಂದಿಗೂ ಉಳಿದಿದೆ. ಅದೇ ಡೆವನ್ ಬಟ್ಟಲು ಹವಳ. ಸಮುದ್ರದ ಇಳಿತ ಪೂರ್ಣವಾದಾಗ, ಬಂಡೆಗಳ ತೀರ ಕೆಳಗಿನ ಅಂಚಿನಲ್ಲಿ, ಸುಣ್ಣದ ಪುಟ್ಟ ಬಟ್ಟಲಿನೊಳಗೆ ಒಂಟಿಯಾಗಿ ಕುಳಿತ ಈ ಪ್ರಾಣಿ ಸಿಗುತ್ತದೆ. ಗಾತ್ರದಲ್ಲಿ ಒಂದು ಅಂಗುಲವನ್ನು ಹೆಚ್ಚಾಗಿ ಮೀರದು. ನೀರಿನಲ್ಲಿ ಅದು ತನ್ನ ನಸುಪಾರದರ್ಶಕವಾದ ಕರಬಳ್ಳಿಗಳನ್ನು ಅರಳಿಸಿದಾಗ ಪ್ರಾಣಿಯೋ ಹೂವೋ ಎಂಬ ಸಂದೇಹ ಹುಟ್ಟುತ್ತದೆ.

ಸೂಜಿ ದಾರದಿಂದ ಹೊಲಿದ ಹವಳ

1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕಿಗೆ ಬಂದಿದ್ದರು. ಆಕೆಯ ಪತಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಹಿರಿಯ ಧರ್ಮಾಧಿಕಾರಿಗಳಲ್ಲಿ ಒಬ್ಬರು. ಬಂಡೆಯ ಮೇಲಿನ ಈ ಹವಳಗಳನ್ನು ಕಂಡ ಆಕೆಗೆ ಅವನ್ನು ಲಂಡನ್ನಿಗೆ ಒಯ್ದು ಹತ್ತಿರದಿಂದ ನೋಡಬೇಕೆಂಬ ಆಸೆಯಾಯಿತು. ದಾರಿಯಲ್ಲಿ ಒಂದಕ್ಕೊಂದು ತಾಗಿ ಪೆಟ್ಟಾಗದಂತೆ ಆಕೆ ಸೂಜಿ ದಾರವನ್ನು ಹಿಡಿದು ಹವಳಗಳನ್ನು ಒಂದು ಕಡಲ ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಜಾಡಿಯೊಳಗೆ ಇಳಿಬಿಟ್ಟರು. ಲಂಡನ್ನನ್ನು ಸೇರಿದ ಮೇಲೆ ಅವುಗಳ ವಾಸ ಗಾಜಿನ ಬೋಗುಣಿಗಳಿಗೆ ಬದಲಾಯಿತು.

ಕಡಲ ನೀರು ಊರಿನಲ್ಲಿ ದೊರೆಯುವಂತಹುದಲ್ಲ. ಇದ್ದ ನೀರನ್ನೇ ಕೆಡದಂತೆ ಉಳಿಸಿಕೊಳ್ಳುವ ಉಪಾಯವನ್ನು ಆಕೆ ಕಂಡುಕೊಳ್ಳಬೇಕಾಯಿತು. ಮನೆಯ ಕೆಲಸದ ಹುಡುಗಿ ತೆರೆದ ಕಿಟಕಿಯ ಬಳಿ ನಿಂತು ದಿನವೂ ಬಹಳ ಹೊತ್ತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದಳು. ಸುರಿಯುವಾಗ ನೀರಿಗೆ ಗಾಳಿ ಬೆರೆಯುತ್ತಿತ್ತು, ಹವಳಗಳು ಉಸಿರಾಡುತ್ತಿದ್ದವು. ಮರುವರ್ಷ ಕಡಲ ಪಾಚಿಗಳನ್ನೂ ತರಿಸಿ ನೀರಿಗೆ ಸೇರಿಸಿದ ಮೇಲೆ ಈ ದುಡಿತ ಹಗುರವಾಯಿತು. ಹವಳಗಳು ಬದುಕಿದವಲ್ಲದೆ ಸಂತಾನವನ್ನೂ ಬೆಳೆಸಿದವು. ಆಕೆಯ ಟಿಪ್ಪಣಿಗಳು 1859ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಬೆಳಕು ಕಂಡವು. ನೀರನ್ನು ಸುರಿದ ಹುಡುಗಿಯದೂ ಆ ಸಾಧನೆಯಲ್ಲಿ ಪಾಲಿದೆ ಎಂಬುದನ್ನು ಓದುಗರು ಮರೆಯಲಾಗದು.

ಪಾಚಿಯ ಗುಟ್ಟನ್ನು ಶಾಸ್ತ್ರೀಯವಾಗಿ ಬಿಡಿಸಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ಸಿಹಿನೀರಿನ ತೊಟ್ಟಿಯಲ್ಲಿ ಹೊನ್ನಮೀನು, ನೀರುಗಿಡ, ಬಸವನಹುಳು ಈ ಮೂರನ್ನೂ ಒಟ್ಟಿಗೆ ಇಟ್ಟು, ಗಿಡವು ಬೆಳಕಿನಲ್ಲಿ ಮೀನಿಗೆ ಬೇಕಾದ ಆಮ್ಲಜನಕವನ್ನು ಕೊಡುತ್ತದೆ, ಕೊಳೆತ ಎಲೆಯನ್ನು ಹುಳು ತಿಂದು ತೆಗೆಯುತ್ತದೆ ಎಂದು ಆತ 1850ರಲ್ಲಿ ತೋರಿಸಿಕೊಟ್ಟ.

ಬರಿದಾದ ಮಡುಗಳು

ಈ ವಿದ್ಯೆಯನ್ನು ಮನೆಮನೆಗೆ ಮುಟ್ಟಿಸಿದವನು ಫಿಲಿಪ್ ಹೆನ್ರಿ ಗಾಸ್. 1852ರಲ್ಲಿ ಆರೋಗ್ಯಕ್ಕಾಗಿ ಡೆವನ್ ತೀರಕ್ಕೆ ಬಂದ ಈ ಜೀವಶಾಸ್ತ್ರಜ್ಞ, ಇಳಿತದ ವೇಳೆಯಲ್ಲಿ ಬಂಡೆಗಳ ನಡುವಿನ ಮಡುಗಳನ್ನು ಶೋಧಿಸುವುದರಲ್ಲಿ ತನ್ಮಯನಾದ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಅದರಲ್ಲಿ ಈತನ ಕೈವಾಡವೂ ಇತ್ತು. 1854ರಲ್ಲಿ ಹೊರಬಂದ ಗ್ರಂಥಕ್ಕೆ ಆತ ಇಟ್ಟ ಹೆಸರು ‘ದಿ ಅಕ್ವೇರಿಯಂ’. ಲ್ಯಾಟಿನ್ ಭಾಷೆಯಲ್ಲಿ ದನಗಳಿಗೆ ನೀರು ಕುಡಿಸುವ ತಾಣವೆಂಬ ಅರ್ಥವಿದ್ದ ಮಾತು ಅಲ್ಲಿಂದ ಮೀನಿನ ತೊಟ್ಟಿಗೆ ಅಂಟಿಕೊಂಡಿತು. ಕಡಲಿನಿಂದ ದೂರವಿದ್ದವರಿಗಾಗಿ ಅಡಿಗೆ ಉಪ್ಪು, ಎಪ್ಸಮ್ ಉಪ್ಪು ಮತ್ತಿತರ ಲವಣಗಳನ್ನು ಬೆರೆಸಿ ಕೃತಕ ಕಡಲ ನೀರನ್ನು ತಯಾರಿಸುವ ಕ್ರಮವನ್ನೂ ಆತ ಹೇಳಿಕೊಟ್ಟ. 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾದುದರಿಂದ ಗಾಜು ಅಗ್ಗವಾಗಿತ್ತು. ರೈಲು ತೀರಗಳನ್ನು ಮುಟ್ಟುತ್ತಿತ್ತು. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿನ ಮಧ್ಯಮವರ್ಗದ ನಡುಮನೆಗಳಲ್ಲಿ ಕಡಲು ಒಂದು ಅಲಂಕಾರವಾಯಿತು.

ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಉಳಿ ಸುತ್ತಿಗೆ ಹಿಡಿದ ಜನ ತಂಡತಂಡವಾಗಿ ತೀರಕ್ಕೆ ಇಳಿದರು. ಬಂಡೆಗಳನ್ನು ಒಡೆದು ಕಡಲಹೂಗಳನ್ನೂ ಹವಳಗಳನ್ನೂ ಜಾಡಿಗಳಲ್ಲಿ ತುಂಬಿಕೊಂಡು ಹೋದರು. ಅನುಭವವಿಲ್ಲದವರ ಕೈಯಲ್ಲಿ ನೀರು ಕೆಟ್ಟಿತು, ಪ್ರಾಣಿಗಳು ಸತ್ತವು. ಮತ್ತೆ ಬೇರೆ ಪ್ರಾಣಿಗಳಿಗಾಗಿ ತೀರವನ್ನು ಕೆದಕಲಾಯಿತು. ಪತ್ನಿಯನ್ನು ಕಳೆದುಕೊಂಡ ಗಾಸ್ 1857ರಲ್ಲಿ ಎಂಟು ವರ್ಷದ ಮಗ ಎಡ್ಮಂಡನೊಡನೆ ಟಾರ್ಕಿಯ ಪಕ್ಕದ ಸೇಂಟ್ ಮೇರಿಚರ್ಚಿನಲ್ಲಿ ನೆಲೆಸಿದ. ತಂದೆಯ ಜೊತೆಯಲ್ಲಿ ಆ ಮಡುಗಳ ಅಂಚಿನಲ್ಲಿ ಮಂಡಿಯೂರಿ ಕುಳಿತು ನೋಡಿದ ಬಾಲಕ ಮುಂದೆ ಹೆಸರಾಂತ ಸಾಹಿತಿಯಾದ. 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ತಾನು ಕಂಡ ಆ ಸೊಬಗು ಅಳಿದುಹೋಯಿತೆಂದೂ, ಸಂಗ್ರಾಹಕರ ದಂಡು ತೀರವನ್ನು ಸೂರೆ ಮಾಡಿತೆಂದೂ ಆತ ದುಃಖದಿಂದ ಬರೆದಿದ್ದಾನೆ. ಆ ದಂಡನ್ನು ಕರೆತಂದುದು ತಂದೆಯ ಪುಸ್ತಕಗಳೇ. ಕಡಲ ಜೀವಿಗಳನ್ನು ಪ್ರಾಣದಂತೆ ಪ್ರೀತಿಸಿದವನ ಮಾತೇ ಅವುಗಳ ನಾಶಕ್ಕೆ ದಾರಿಯಾದುದು ವಿಧಿಯ ವೈಚಿತ್ರ್ಯ.

ಇಂದಿನ ಪುಟ್ಟ ತೊಟ್ಟಿ

ಇಂದು ಆ ಹವ್ಯಾಸ ಹೊಸ ರೂಪವನ್ನು ತಾಳಿದೆ. ಐದು ಗಾಜಿನ ಹಲಗೆಗಳನ್ನು ಸಿಲಿಕೋನ್ ಅಂಟಿನಿಂದ ಕೂಡಿಸಿ 40 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರದ ತೊಟ್ಟಿಯನ್ನು ಮನೆಯಲ್ಲಿಯೇ ಕಟ್ಟಬಹುದು. ಅದು ಹಿಡಿಯುವ ನೀರು 30 ಲೀಟರ್. ಲೀಟರಿಗೆ 35 ಗ್ರಾಮಿನಂತೆ ಸುಮಾರು ಒಂದು ಕಿಲೋಗ್ರಾಂ ಲವಣ ಬೆರೆತರೆ ಅದು ಕಡಲ ನೀರಿಗೆ ಸಮ. ಕೆಲಸದ ಹುಡುಗಿಯ ತೋಳಿನ ಜಾಗದಲ್ಲಿ ಈಗ ಪುಟ್ಟ ವಿದ್ಯುತ್ ಪಂಪು ಇದೆ. ಉಷ್ಣವಲಯದ ಹವಳಗಳಿಗೆ ಬೇಕಾದ 25 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಹೀಟರು ಕಾಯುತ್ತದೆ. ಆ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳಿದ್ದು, ಅವು ಬೆಳಕಿನಿಂದ ಆಹಾರವನ್ನು ತಯಾರಿಸಿ ಒಡೆಯನಿಗೂ ಪಾಲು ಕೊಡುತ್ತವೆ. ಆದುದರಿಂದಲೇ ತೊಟ್ಟಿಯ ಮೇಲೆ ಪ್ರಖರವಾದ ದೀಪ ಬೇಕು.

ಇಷ್ಟಾದರೂ ಅವಸರ ಸಲ್ಲದು. ತೊಟ್ಟಿಯೊಳಗಿನ ಕಲ್ಲುಗಳ ರಂಧ್ರಗಳಲ್ಲಿ ಬ್ಯಾಕ್ಟೀರಿಯಗಳು ನೆಲೆಸಿ, ಕೊಳೆಯಿಂದ ಹುಟ್ಟುವ ಅಮೋನಿಯದ ವಿಷವನ್ನು ಮುರಿಯಲು ಕಲಿಯುವವರೆಗೆ ಹಲವು ವಾರ ಕಾಯಬೇಕು. ಚಿಕ್ಕ ತೊಟ್ಟಿಯನ್ನು ಸಾಕುವುದು ಸುಲಭವೆಂಬುದು ಭ್ರಮೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. 30 ಲೀಟರಿನಲ್ಲಿ 3 ಲೀಟರ್ ಆರಿದರೆ ಲೀಟರಿಗೆ 35 ಗ್ರಾಂ ಇದ್ದ ಉಪ್ಪು 39ರ ಹತ್ತಿರಕ್ಕೆ ಏರುತ್ತದೆ. ಸಾಗರದಲ್ಲಿ ಲೆಕ್ಕಕ್ಕೇ ಬಾರದ ಈ ನಷ್ಟ ತೊಟ್ಟಿಯೊಳಗಿನ ಜೀವಕ್ಕೆ ಪ್ರಾಣಸಂಕಟ. ದಿನವೂ ಒಂದು ಲೋಟ ಶುದ್ಧವಾದ ಸಿಹಿನೀರನ್ನು ಸೇರಿಸಲು ಮರೆಯದವನಿಗೆ ಮಾತ್ರ ಈ ಕಡಲು ಒಲಿಯುತ್ತದೆ.

ಹವಳ ಬರುವುದು ಎಲ್ಲಿಂದ? ಗಾಸ್‌ನ ಕಾಲದ ಪ್ರಶ್ನೆ ಇದೊಂದೇ ಹಳೆಯದಾಗದೆ ಉಳಿದಿದೆ. ಹೊರದೇಶಗಳ ವಿವೇಕಿಗಳು ತೊಟ್ಟಿಯಲ್ಲಿಯೇ ಬೆಳೆದ ಹವಳದ ತುಂಡನ್ನು ಕತ್ತರಿಸಿ, ಸಸಿಯನ್ನು ಹಂಚಿಕೊಳ್ಳುವಂತೆ ಪರಸ್ಪರ ಹಂಚಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಅಂದರೆ ಹುಲಿಯ ಪಂಕ್ತಿಗೆ, 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಕರ್ನಾಟಕಕ್ಕೂ ಹವಳದ ನೆಲೆಯಿದೆ. ಮುರುಡೇಶ್ವರದ ಎದುರಿಗೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಅವು ಜೀವಂತವಾಗಿವೆ. ಅವನ್ನು ನೋಡಬಯಸುವವರು ಅಲ್ಲಿಗೇ ಹೋಗಿ ನೀರಿಗಿಳಿದು ನೋಡಬೇಕಲ್ಲದೆ ಒಂದು ಚೂರನ್ನೂ ಕಿತ್ತು ತರುವಂತಿಲ್ಲ. ಮನೆಯ ಮಕ್ಕಳಿಗಾದರೆ ವಾರಿಂಗ್ಟನ್ ತೋರಿಸಿದ ಸಿಹಿನೀರಿನ ತೊಟ್ಟಿ ಸಾಕು. ಜೀವಗಳ ಪರಸ್ಪರ ಋಣವನ್ನು ಅದೂ ಅಷ್ಟೇ ಚೆನ್ನಾಗಿ ಕಲಿಸುತ್ತದೆ.

ಟಾರ್ಕಿಯ ತೀರದಲ್ಲಿ ಉಬ್ಬರ ಇಳಿತಗಳು ಇಂದಿಗೂ ದಿನಕ್ಕೆರಡು ಬಾರಿ ಮಡುಗಳ ನೀರನ್ನು ಬದಲಿಸುತ್ತವೆ. ಅಲ್ಲಿಗೆ ಬರುವ ಮಕ್ಕಳಿಗೆ ಹಿರಿಯರು ಹೇಳಿಕೊಡುವ ನಿಯಮ ಸರಳವಾದುದು: ಕಲ್ಲನ್ನು ಮೆಲ್ಲನೆ ಎತ್ತಿ ನೋಡು, ನೋಡಿದ ಮೇಲೆ ಇದ್ದಂತೆಯೇ ಇಟ್ಟುಬಿಡು. ಕಲ್ಲಿನ ಅಡಿಯ ಏಡಿಗೆ ಅದೇ ಮನೆ.