ಹಬ್ಬದ ಬೂದುಗುಂಬಳ

ಆಶ್ವಯುಜದ ಮಳೆಗೆ ಚಾಮುಂಡಿ ಬೆಟ್ಟ ಮರೆಯಾಗಿದ್ದ ಒಂದು ಮಧ್ಯಾಹ್ನ, ನಜರ್‌ಬಾದಿನ ಜೈನ ಗೃಹವೊಂದಕ್ಕೆ ಬೂದುಗುಂಬಳಕಾಯಿ ಬಂದಿತು. ತಂದವನು ಮನೆಯ ಕಾರಿನ ಚಾಲಕ. ಅಂದು ಆಯುಧಪೂಜೆ, ಕಾಯಿಗೆ ಕುಂಕುಮ ತುಂಬಿ ವಾಹನದ ಮುಂದೆ ಒಡೆಯಬೇಕೆಂಬುದು ಅವನ ಆಸೆ. ಮನೆಯ ಹಿರಿಯಾಕೆ ಒಪ್ಪಲಿಲ್ಲ.

“ಅಡುಗೆಮನೆಯಲ್ಲೂ ಕುಂಬಳ ಹೆಚ್ಚುತ್ತೇವಲ್ಲ, ಅಜ್ಜಿ?” ಎಂದಳು ಮೊಮ್ಮಗಳು. ಪ್ರಶ್ನೆ ಸಣ್ಣದಲ್ಲ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ರಾಜನು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪವು ಅವನನ್ನೂ ತಾಯಿಯನ್ನೂ ಜನ್ಮಜನ್ಮಗಳಲ್ಲಿ ಕಾಡಿತು. ಕುಂಕುಮ ತುಂಬಿದ ಕಾಯಿ ನೆತ್ತರಿನ ನೆನಪಲ್ಲದೆ ಮತ್ತೇನು? ಹಸಿವಿಗಾಗಿ ಹೆಚ್ಚುವುದರಲ್ಲಿಯೂ ಹಿಂಸೆಯಿದೆ. ಅಜ್ಜಿ ಅದನ್ನು ಅಲ್ಲಗಳೆಯಲಿಲ್ಲ. ಅಡುಗೆಯದು ಆರಂಭೀ ಹಿಂಸೆ, ಒಡೆಯುವುದು ಸಂಕಲ್ಪೀ ಹಿಂಸೆ ಎಂದಷ್ಟೇ ಹೇಳಿದರು.

ಕಾಯಿ ಒಲೆಗೇರಿತು. ಸಿಪ್ಪೆ, ಬೀಜ ತೆಗೆದ ಹೋಳುಗಳನ್ನು ಸೋಸಿದ ನೀರಿನಲ್ಲಿ ಹೆಸರುಬೇಳೆಯೊಡನೆ ಬೇಯಿಸಿ, ಮೆಣಸು, ಜೀರಿಗೆ, ತೆಂಗಿನತುರಿ ಅರೆದು ಹಾಕಿ ಕುದಿಸಿದರು. ಹಸಿಶುಂಠಿ ಕಂದಮೂಲವಾದುದರಿಂದ ಒಣಶುಂಠಿ. ಮೇಲೆ ತುಪ್ಪದ ಒಗ್ಗರಣೆ. (ಬೂದುಗುಂಬಳ ಬೇಗ ಕರಗುತ್ತದೆ, ಹೋಳು ದಪ್ಪಗಿರಬೇಕು.) ಮಳೆಯ ಚಳಿಗೆ ಹಿತವಾದ ಸಾರು. ಸೂರ್ಯಾಸ್ತಕ್ಕೆ ಮುನ್ನ, ಐದೂವರೆಗೇ ಎಲ್ಲರೂ ಊಟಕ್ಕೆ ಕುಳಿತರು, ಚಾಲಕನೂ.

ಅವನ ಮುಖ ಮಾತ್ರ ಅರಳಿರಲಿಲ್ಲ. “ನಾಳೆ ದಾರಿಯಲ್ಲಿ ಏನಾದರೂ ಆದರೆ, ಅಮ್ಮಾವರೇ?”

ಅಜ್ಜಿಯ ಬಳಿ ಸಿದ್ಧ ಉತ್ತರವಿರಲಿಲ್ಲ. ಅವನ ಭಯವನ್ನು ಅಜ್ಞಾನವೆಂದು ಜರೆದಿದ್ದರೆ ಅದೂ ಹಿಂಸೆಯೇ ಆಗುತ್ತಿತ್ತು. ಇನ್ನೊಂದು ಸೌಟು ಸಾರು ಬಡಿಸಿದರು; ಕಾರಿಗೆ ಸೇವಂತಿಗೆಯ ಹಾರ ಹಾಕಿಸಿದರು.

ಮರುದಿನ ಬೀದಿಯುದ್ದಕ್ಕೂ ಒಡೆದ ಕುಂಬಳದ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತಿದ್ದವು. ಚಾಲಕನು ಬ್ರೇಕನ್ನು ಎರಡು ಬಾರಿ ಪರೀಕ್ಷಿಸಿ, ನಿಧಾನವಾಗಿ ಹೊರಟನು.